ಟ್ಯಾಬ್‌ನ ಮ್ಯಾಕ್ ವಿಳಾಸ: ಸೆಟ್ಟಿಂಗ್ಸ್‌ನಲ್ಲಿ ಕಾಣುವ ಇಷ್ಟು ಸಂಖ್ಯೆಗಳಲ್ಲಿ ಯಾವುದನ್ನು ಬರೆದುಕೊಡಬೇಕು?

ಮಳೆಬಿಲ್ಲು

ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಮಂಗಳೂರಿನಲ್ಲಿ ಎಂಜಿನಿಯರಿಂಗ್‌ಗೆ ಸೇರಿದ್ದಾಳೆ. ಹಾಸ್ಟೆಲ್‌ನ ವೈ-ಫೈ ಬೇಕೆಂದರೆ ಒಂದು ಅರ್ಜಿ ತುಂಬಿ ಕೊಡಬೇಕಂತೆ. ಅದರಲ್ಲಿ ಹೆಸರು, ಕೊಠಡಿ ಸಂಖ್ಯೆಯ ಕೆಳಗೆ ‘ಸಾಧನದ ಹಾರ್ಡ್‌ವೇರ್ ವಿಳಾಸ’ ಎಂಬ ಅಂಕಣವಿದೆ. ಲ್ಯಾಪ್‌ಟಾಪ್‌ಗೆ ಒಂದು ಸಾಲು, ಟ್ಯಾಬ್‌ಗೆ ಇನ್ನೊಂದು ಸಾಲು. ಲ್ಯಾಪ್‌ಟಾಪ್‌ನದನ್ನು ಸಹಪಾಠಿಯೊಬ್ಬಳು ಹುಡುಕಿಕೊಟ್ಟಳು. ಸ್ಯಾಮ್ಸಂಗ್ ಟ್ಯಾಬ್‌ನದು ಬಗೆಹರಿದಿಲ್ಲ.

ಸೆಟ್ಟಿಂಗ್ಸ್ ತೆರೆದರೆ ಸಂಖ್ಯೆಗಳ ರಾಶಿಯೇ ಇದೆ ಎಂದು ಫೋಟೊ ಕಳುಹಿಸಿದ್ದಾಳೆ: ಸೀರಿಯಲ್ ನಂಬರ್, ಐಎಂಇಐ, ಐಪಿ ವಿಳಾಸ, ಬ್ಲೂಟೂತ್ ವಿಳಾಸ, ವೈ-ಫೈ ಮ್ಯಾಕ್ ವಿಳಾಸ. ಇವುಗಳಲ್ಲಿ ಯಾವುದು? ಮಗನ ಬಳಿ ಐಪ್ಯಾಡ್ ಇದೆ, ಮುಂದಿನ ವರ್ಷ ಅವನಿಗೂ ಇದೇ ಪ್ರಶ್ನೆ ಬರುತ್ತದೆ. ಹಾಗಾಗಿ ಎರಡಕ್ಕೂ ತಿಳಿಸಿದರೆ ದೊಡ್ಡ ಉಪಕಾರ.

ಕಾವೇರಿಕಡಲು

ಸ್ಯಾಮ್ಸಂಗ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ತೀರಾ ಕೆಳಗೆ ಹೋಗಿ. ‘ಅಬೌಟ್ ಟ್ಯಾಬ್ಲೆಟ್’ ಒತ್ತಿ, ಅದರೊಳಗೆ ‘ಸ್ಟೇಟಸ್ ಇನ್ಫರ್ಮೇಶನ್’. ಅಲ್ಲಿ ‘ವೈ-ಫೈ ಮ್ಯಾಕ್ ಅಡ್ರೆಸ್’ ಎಂದಿರುವುದೇ ಬೇಕಾದದ್ದು, ಅರ್ಜಿಯ ‘ಹಾರ್ಡ್‌ವೇರ್ ವಿಳಾಸ’ ಎಂದರೂ ಇದೇ. ಹಳೆಯ ಆಂಡ್ರಾಯ್ಡ್ ಆದರೆ ವೈ-ಫೈ ಚಾಲೂ ಇಟ್ಟುಕೊಂಡು ನೋಡಿ. ಆಫ್ ಇದ್ದರೆ ಕೆಲವು ಸಾಧನಗಳು ಆ ಜಾಗದಲ್ಲಿ ‘ಲಭ್ಯವಿಲ್ಲ’ ಎಂದಷ್ಟೇ ತೋರಿಸುತ್ತವೆ.

ಹಾಲಕ್ಕಿ

ಐಪ್ಯಾಡ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್. ಆ ಪುಟದಲ್ಲಿ ಕೆಳಗೆ ಬಂದರೆ ‘ವೈ-ಫೈ ಅಡ್ರೆಸ್’ ಎಂಬ ಸಾಲಿದೆ. ಆಪಲ್‌ನವರು ಅಲ್ಲಿ ಮ್ಯಾಕ್ ಎಂಬ ಪದವನ್ನೇ ಬಳಸುವುದಿಲ್ಲ. ಅದಕ್ಕಾಗಿಯೇ ಅನೇಕರು ಅದರ ಮುಂದೆಯೇ ಹಾದುಹೋಗಿಯೂ ಸಿಗಲಿಲ್ಲ ಎನ್ನುತ್ತಾರೆ. ಪಕ್ಕದಲ್ಲೇ ಬ್ಲೂಟೂತ್ ಸಾಲಿದೆ, ಅದರ ಸಂಖ್ಯೆಯೂ ಇದೇ ರೂಪದಲ್ಲಿರುತ್ತದೆ. ಎಷ್ಟೋ ಬಾರಿ ಎರಡಕ್ಕೂ ಕೊನೆಯ ಒಂದು ಅಕ್ಷರ ಮಾತ್ರ ವ್ಯತ್ಯಾಸ. ಅವಸರದಲ್ಲಿ ಅದನ್ನು ಬರೆದುಕೊಟ್ಟರೆ ಕಚೇರಿಯವರಿಗೂ ತಪ್ಪು ಗೊತ್ತಾಗುವುದಿಲ್ಲ, ವೈ-ಫೈಯೂ ಬರುವುದಿಲ್ಲ.

ತಂತಿಮನೆ

ದಾರಿ ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಕಾಲೇಜು ಜಾಲಗಳ ನಿರ್ವಹಣೆಯಲ್ಲಿ ಬಹಳ ಕಾಲ ದುಡಿದವನಾಗಿ ಸ್ವಲ್ಪ ವಿವರ ಸೇರಿಸುತ್ತೇನೆ. ಪ್ರತಿ ಜೂನ್, ಜುಲೈ, ಆಗಸ್ಟ್‌ನಲ್ಲಿ ಇದೇ ಅರ್ಜಿಗಳು ತಪ್ಪು ಸಂಖ್ಯೆಯೊಂದಿಗೆ ಬಂದು, ಮಕ್ಕಳು ವಾರಗಟ್ಟಲೆ ಇಂಟರ್ನೆಟ್ ಇಲ್ಲದೆ ಕೂರುವುದನ್ನು ನೋಡಿದ್ದೇನೆ. ಅದು ಖಂಡಿತ ತಪ್ಪಿಸಬಹುದಾದ ಕಷ್ಟ.

ಮೊದಲು ಬೇಡವಾದವನ್ನು ಬದಿಗಿಡೋಣ. ಐಎಂಇಐ 15 ಅಂಕಿಗಳದು, ಅಕ್ಷರಗಳಿರುವುದಿಲ್ಲ. ಸಿಮ್ ಹಾಕುವ ಟ್ಯಾಬ್‌ಗಳಿಗೆ ಮಾತ್ರ ಅದು ಇರುತ್ತದೆ ಮತ್ತು ಸಂಬಂಧಪಡುವುದು ಮೊಬೈಲ್ ಕಂಪನಿಯ ಜಾಲಕ್ಕೆ. ಐಪಿ ವಿಳಾಸ ಸಾಮಾನ್ಯವಾಗಿ 192.168.1.7 ಎಂಬಂತೆ ಚುಕ್ಕೆಗಳಿಂದ ಬಿಡಿಸಿದ ನಾಲ್ಕು ಭಾಗಗಳಲ್ಲಿರುತ್ತದೆ. ಅದು ಜಾಲದಿಂದ ಜಾಲಕ್ಕೆ ಬದಲಾಗುತ್ತದೆ. ಸೀರಿಯಲ್ ನಂಬರ್ ವಾರಂಟಿಯ ಕೆಲಸಕ್ಕೆ.

ಮ್ಯಾಕ್ ವಿಳಾಸದ ಗುರುತು ಸುಲಭ. ಎರಡೆರಡು ಅಕ್ಷರಗಳ ಆರು ಜೋಡಿಗಳು, ನಡುವೆ ಕೋಲನ್ ಅಥವಾ ಸಣ್ಣ ಗೆರೆ. ಒಟ್ಟು 12 ಅಕ್ಷರಗಳು. 0ರಿಂದ 9ರವರೆಗಿನ ಅಂಕಿಗಳು ಹಾಗೂ ಇಂಗ್ಲಿಷ್‌ನ ಎ, ಬಿ, ಸಿ, ಡಿ, ಇ, ಎಫ್ ಬಿಟ್ಟರೆ ಬೇರೇನೂ ಅಲ್ಲಿ ಬರುವಂತಿಲ್ಲ. ಆದ್ದರಿಂದ ದುಂಡಗೆ ಕಾಣುವುದೆಲ್ಲ ಸೊನ್ನೆಯೇ, ‘ಓ’ ಅಕ್ಷರಕ್ಕೆ ಅಲ್ಲಿ ಜಾಗವಿಲ್ಲ. ಕೈಬರಹದ ಅರ್ಜಿಗಳಲ್ಲಿ ಹೆಚ್ಚು ಎಡವಟ್ಟಾಗುವುದು 8 ಮತ್ತು ಬಿ, 0 ಮತ್ತು ಡಿ, ಇವುಗಳ ನಡುವೆ. ದಯವಿಟ್ಟು ದೊಡ್ಡಕ್ಷರದಲ್ಲಿ ಬಿಡಿಸಿ ಬರೆಯಲು ಹೇಳಿ.

ಇದು ಒಟ್ಟು 48 ಬಿಟ್‌ಗಳ ಸಂಖ್ಯೆ. ಮೊದಲ ಮೂರು ಜೋಡಿಗಳು ತಯಾರಕರಿಗೆ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಇಇಇ ಸಂಸ್ಥೆ ಹಂಚಿಕೊಟ್ಟ ಭಾಗ, ಉಳಿದ ಮೂರನ್ನು ತಯಾರಕರು ಒಂದೊಂದು ಸಾಧನಕ್ಕೆ ಒಂದೊಂದರಂತೆ ನೀಡುತ್ತಾರೆ. ಅಂಥ ಒಂದು ಹಂಚಿಕೆಯಲ್ಲಿ 1,67,77,216 ವಿಳಾಸಗಳಿಗೆ ಜಾಗವಿದೆ. ದೊಡ್ಡ ಕಂಪನಿಗಳು ಇಂಥ ಹಂಚಿಕೆಗಳನ್ನು ನೂರಾರು ಸಂಖ್ಯೆಯಲ್ಲಿ ಪಡೆದಿವೆ. ವಾಹನದ ಚಾಸಿಸ್ ಸಂಖ್ಯೆಯಂತೆ ಇದು ಕಾರ್ಖಾನೆಯಲ್ಲೇ ವೈ-ಫೈ ಚಿಪ್‌ಗೆ ಅಂಟಿಕೊಂಡು ಬರುತ್ತದೆ.

ಆದರೆ ಈಗಿನ ಟ್ಯಾಬ್‌ಗಳು ಜಾಲಕ್ಕೆ ಸೇರುವಾಗ ಈ ಅಸಲಿ ಸಂಖ್ಯೆಯನ್ನು ತೋರಿಸುವುದೇ ಇಲ್ಲ. ಬೇರೊಂದನ್ನು ತಾವೇ ಹುಟ್ಟುಹಾಕಿ ಅದನ್ನು ಕೊಡುತ್ತವೆ. ನಿಮ್ಮ ಮಗಳು ಸರಿಯಾದ ಸಂಖ್ಯೆಯನ್ನೇ ಬರೆದುಕೊಟ್ಟರೂ ಈ ಒಂದು ಕಾರಣಕ್ಕೆ ಸಂಪರ್ಕ ಸಿಗದೆ ಹೋಗಬಹುದು. ಅರ್ಜಿ ಕೊಟ್ಟ ಮೇಲೆ ಏನಾಯಿತೆಂದು ತಿಳಿಸಿ.

ಬಯಲುಸೀಮೆ

ನಮ್ಮ ಮನೆಯಲ್ಲೂ ಇದೇ ಸಂಖ್ಯೆಯ ತಲೆನೋವು, ಅದಕ್ಕೆ ಇಲ್ಲಿಯೇ ಕೇಳುತ್ತೇನೆ. ಮೊಮ್ಮಗ ರಾತ್ರಿ ಹನ್ನೊಂದಾದರೂ ಟ್ಯಾಬ್ ಬಿಡುವುದಿಲ್ಲ. ನಮ್ಮ ಫೈಬರ್ ರೂಟರ್‌ನಲ್ಲಿ ಸಾಧನವಾರು ಸಮಯ ಕಟ್ಟುವ ಸೌಲಭ್ಯವಿದೆ, ಅದಕ್ಕೆ ಮ್ಯಾಕ್ ವಿಳಾಸ ಕೊಡಬೇಕು. ಸೆಟ್ಟಿಂಗ್ಸ್‌ನಲ್ಲಿ ನೋಡಿ ಕೊಟ್ಟೆವು. ಒಂಬತ್ತಾದ ಮೇಲೂ ಟ್ಯಾಬ್ ಆರಾಮವಾಗಿ ಓಡುತ್ತಿದೆ. ರೂಟರ್ ಕೆಟ್ಟಿದೆಯೇ?

ತಂತಿಮನೆ

ರೂಟರ್ ಸರಿಯಾಗಿಯೇ ಇದೆ. ನೀವು ಕೊಟ್ಟದ್ದು ಅಸಲಿ ಸಂಖ್ಯೆ, ಟ್ಯಾಬ್ ರೂಟರ್‌ಗೆ ತೋರಿಸುತ್ತಿರುವುದು ತಾನೇ ಮಾಡಿಕೊಂಡ ಸಂಖ್ಯೆ. ರೂಟರ್‌ನ ಲೆಕ್ಕದಲ್ಲಿ ಅದು ಬೇರೆಯೇ ಸಾಧನ. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ತೆರೆದು, ರೂಟರ್‌ನ ಒಳಗಿರುವ ‘ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿ’ ನೋಡಿ. ಟ್ಯಾಬ್‌ನ ವೈ-ಫೈ ಆಫ್ ಮಾಡಿದಾಗ ಯಾವ ಸಾಲು ಮಾಯವಾಗಿ, ಆನ್ ಮಾಡಿದಾಗ ಮರಳುತ್ತದೆಯೋ ಅದೇ ನಿಮ್ಮ ಟ್ಯಾಬ್. ಆ ಸಾಲಿನಲ್ಲಿರುವ ವಿಳಾಸಕ್ಕೂ ನೀವು ಬರೆದುಕೊಂಡದ್ದಕ್ಕೂ ಹೊಂದಾಣಿಕೆ ಇರುವುದಿಲ್ಲ.

ಪರಿಹಾರ ಟ್ಯಾಬ್‌ನಲ್ಲಿದೆ. ಯಾವ ಟ್ಯಾಬ್ ಎಂದು ಹೇಳಿದರೆ ದಾರಿ ಬರೆಯುತ್ತೇನೆ. ನಡುವೆ ವೈ-ಫೈ ವಿಸ್ತರಿಸುವ ರಿಪೀಟರ್ ಹಾಕಿದ್ದರೆ ಅದನ್ನೂ ಹೇಳಿ. ಕೆಲವು ರಿಪೀಟರ್‌ಗಳು ತಮ್ಮ ಹಿಂದಿರುವ ಎಲ್ಲ ಸಾಧನಗಳನ್ನೂ ತಮ್ಮದೇ ವಿಳಾಸದಲ್ಲಿ ರೂಟರ್‌ಗೆ ದಾಟಿಸುತ್ತವೆ.

ಬಯಲುಸೀಮೆ

ಲೆನೊವೊ ಟ್ಯಾಬ್. ರಿಪೀಟರ್ ಇಲ್ಲ.

ತಂತಿಮನೆ

ಸೆಟ್ಟಿಂಗ್ಸ್‌ನಲ್ಲಿ ವೈ-ಫೈ ತೆರೆದು ನಿಮ್ಮ ಮನೆಯ ಜಾಲದ ಹೆಸರಿನ ಪಕ್ಕದ ಗೇರ್ ಚಿಹ್ನೆ ಒತ್ತಿ. ‘ಪ್ರೈವೆಸಿ’ ಎಂಬ ಸಾಲಿದೆ. ಅದರಲ್ಲಿ ‘ಯೂಸ್ ರ‍್ಯಾಂಡಮೈಸ್ಡ್ ಮ್ಯಾಕ್’ ಆಯ್ಕೆಯಾಗಿರುತ್ತದೆ. ಅದನ್ನು ‘ಯೂಸ್ ಡಿವೈಸ್ ಮ್ಯಾಕ್’ ಎಂದು ಬದಲಿಸಿ, ವೈ-ಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಈ ಬದಲಾವಣೆ ಆ ಒಂದು ಜಾಲಕ್ಕೆ ಮಾತ್ರ ಅನ್ವಯ. ಬಸ್ ನಿಲ್ದಾಣದಲ್ಲೋ ಹೋಟೆಲಿನಲ್ಲೋ ಟ್ಯಾಬ್ ಎಂದಿನಂತೆ ಬೇರೆ ಸಂಖ್ಯೆಯನ್ನೇ ಬಳಸುತ್ತದೆ.

ಇನ್ನೊಂದು ಮಾತು. ಮೊಮ್ಮಗ ಇದೇ ಪುಟಕ್ಕೆ ಬಂದು ಹಿಂದಿನಂತೆ ಮಾಡಿದರೆ ಗಡುವು ತಪ್ಪಿಹೋಗುತ್ತದೆ. ಮಕ್ಕಳು ಇದನ್ನು ಬಹಳ ಬೇಗ ಕಲಿಯುತ್ತಾರೆ. ಸಮಯದ ಮಿತಿಯನ್ನು ಟ್ಯಾಬ್‌ನಲ್ಲೇ, ಗೂಗಲ್‌ನ ಫ್ಯಾಮಿಲಿ ಲಿಂಕ್ ಮೂಲಕ ಇಡುವುದು ಹೆಚ್ಚು ಗಟ್ಟಿ.

ಮಳೆಬಿಲ್ಲು

ತಂತಿಮನೆಯವರು ಹೇಳಿದಂತೆಯೇ ಆಗಿದೆ. ಅರ್ಜಿ ಕೊಟ್ಟು, ನೋಂದಣಿಯಾಗಿದೆ ಎಂಬ ಸಂದೇಶವೂ ಬಂದಿದೆ. ಲ್ಯಾಪ್‌ಟಾಪ್ ಚೆನ್ನಾಗಿ ನಡೆಯುತ್ತಿದೆ. ಟ್ಯಾಬ್ ವೈ-ಫೈಗೆ ಸೇರುತ್ತದೆ, ಆದರೆ ‘ಈ ಸಾಧನ ನೋಂದಾಯಿತವಾಗಿಲ್ಲ’ ಎಂಬ ಪುಟ ಬಿಟ್ಟು ಮುಂದೆ ಹೋಗುವುದಿಲ್ಲ. ಅಲ್ಲಿನ ಸಿಬ್ಬಂದಿಯನ್ನು ಕೇಳಿದರೆ, ‘ನೀವು ಕೊಟ್ಟ ಸಂಖ್ಯೆಯನ್ನೇ ಹಾಕಿದ್ದೇವೆ, ನಮ್ಮ ಕಡೆ ಎಲ್ಲ ಸರಿಯಿದೆ’ ಎಂದರಂತೆ.

ಮಗಳು ಎರಡು ಕಡೆ ನೋಡಿದ್ದಾಳೆ. ‘ಅಬೌಟ್ ಟ್ಯಾಬ್ಲೆಟ್’ನಲ್ಲಿರುವ ಸಂಖ್ಯೆಯ ಮೊದಲ ಜೋಡಿ 84. ಹಾಸ್ಟೆಲ್ ಜಾಲದ ಗೇರ್ ಚಿಹ್ನೆ ಒತ್ತಿದಾಗ ಬರುವ ಪುಟದಲ್ಲಿ 7ಇ ಎಂದು ಶುರುವಾಗುವ ಬೇರೆಯೇ ಸಂಖ್ಯೆಯಿದೆ. ಅರ್ಜಿಯಲ್ಲಿ ಬರೆದದ್ದು 84ರದ್ದು. ಹಾಗಾದರೆ 7ಇ ಎಲ್ಲಿಂದ ಬಂತು?

ತಂತಿಮನೆ

7ಇ ಎಂಬುದನ್ನು ಹುಟ್ಟುಹಾಕಿದ್ದು ನಿಮ್ಮ ಟ್ಯಾಬ್. ಇದನ್ನು ಬರಿಗಣ್ಣಿನಲ್ಲೇ ಹೇಳಬಹುದು. ಹೇಗೆಂದು ವಿವರಿಸುತ್ತೇನೆ, ಗೊತ್ತಿದ್ದರೆ ಜೀವಮಾನವಿಡೀ ಉಪಯೋಗಕ್ಕೆ ಬರುತ್ತದೆ.

ಮೊದಲ ಜೋಡಿಯ ಎರಡನೇ ಅಕ್ಷರವನ್ನು ಮಾತ್ರ ನೋಡಿ. ಇಲ್ಲಿ ಅದು ‘ಇ’. ಈ ಬರವಣಿಗೆಯ ಕ್ರಮದಲ್ಲಿ ಎ ಎಂದರೆ 10, ಬಿ 11, ಸಿ 12, ಡಿ 13, ಇ 14, ಎಫ್ 15. ಈಗ 14ನ್ನು 8, 4, 2, 1 ಇವುಗಳ ಮೊತ್ತವಾಗಿ ಒಡೆಯಿರಿ. 8 ಮತ್ತು 4 ಮತ್ತು 2 ಸೇರಿದರೆ 14. ಅಂದರೆ 2 ಅದರೊಳಗಿದೆ. ಆ 2ರ ಸ್ಥಾನವನ್ನು ‘ಈ ವಿಳಾಸ ಐಇಇಇ ಹಂಚಿಕೆಯಿಂದ ಬಂದದ್ದಲ್ಲ, ಸ್ಥಳೀಯವಾಗಿ ಮಾಡಿಕೊಂಡದ್ದು’ ಎಂದು ಸೂಚಿಸಲೆಂದೇ ಮೀಸಲಿಟ್ಟಿದ್ದಾರೆ. 1ರ ಸ್ಥಾನ ಒಂದೇ ಸಂದೇಶವನ್ನು ಅನೇಕ ಸಾಧನಗಳಿಗೆ ಒಟ್ಟಿಗೆ ಕಳುಹಿಸುವ ವಿಳಾಸಗಳಿಗೆ ಮೀಸಲು. ಹಾಗಾಗಿ ಒಂದೇ ಸಾಧನದ ವಿಳಾಸದಲ್ಲಿ ಅದು ಬರುವುದಿಲ್ಲ.

ಇಷ್ಟರಿಂದ ಲೆಕ್ಕ ತಾನಾಗಿ ಬಿಚ್ಚಿಕೊಳ್ಳುತ್ತದೆ. ಎರಡನೇ ಅಕ್ಷರ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ಟ್ಯಾಬ್ ತಾನೇ ಮಾಡಿಕೊಂಡ ತಾತ್ಕಾಲಿಕ ವಿಳಾಸ. 0, 4, 8, ಸಿ ಇವುಗಳಲ್ಲಿ ಒಂದಾಗಿದ್ದರೆ ಕಾರ್ಖಾನೆಯಿಂದ ಬಂದ ಅಸಲಿ ವಿಳಾಸ. ನಿಮ್ಮ 84ರಲ್ಲಿ ಎರಡನೆಯದು 4, ಅಸಲಿ. 7ಇ ಯಲ್ಲಿ ಎರಡನೆಯದು ಇ, ತಾತ್ಕಾಲಿಕ. ಅರ್ಜಿಯಲ್ಲಿ ಬರೆದದ್ದು ಸರಿಯಾಗಿದೆ, ಸಿಬ್ಬಂದಿ ಹೇಳಿದ್ದೂ ನಿಜ. ಟ್ಯಾಬ್ ಬಾಗಿಲಲ್ಲಿ ನಿಂತು ಬೇರೆ ಸಂಖ್ಯೆ ಹೇಳುತ್ತಿದೆ, ಅಷ್ಟೇ.

ಈಗ ಮಾಡಬೇಕಾದ್ದು: ಸೆಟ್ಟಿಂಗ್ಸ್, ಕನೆಕ್ಷನ್ಸ್, ವೈ-ಫೈ. ಹಾಸ್ಟೆಲ್ ಜಾಲದ ಪಕ್ಕದ ಗೇರ್ ಒತ್ತಿ. ಕೆಳಗೆ ‘ವ್ಯೂ ಮೋರ್’ ಇದ್ದರೆ ಅದನ್ನೂ ಒತ್ತಿ. ‘ಮ್ಯಾಕ್ ಅಡ್ರೆಸ್ ಟೈಪ್’ ಎಂಬಲ್ಲಿ ‘ರ‍್ಯಾಂಡಮೈಸ್ಡ್ ಮ್ಯಾಕ್’ ಬದಲು ‘ಫೋನ್ ಮ್ಯಾಕ್’ ಅಥವಾ ‘ಡಿವೈಸ್ ಮ್ಯಾಕ್’ ಆರಿಸಿ. ಆಮೇಲೆ ಜಾಲಕ್ಕೆ ಮತ್ತೆ ಸೇರಲಿ. ಅದೇ ಪುಟದಲ್ಲಿ ಈಗ 84ರ ಸಂಖ್ಯೆ ಕಾಣಬೇಕು. ಕಂಡರೆ ಕೆಲಸ ಆಯಿತು.

ಕೀಲಿಕೈ

ಒಂದು ವಸತಿನಿಲಯದ ಜಾಲವನ್ನು ನೋಡಿಕೊಳ್ಳುವವನು ನಾನು. ಮೇಲಿನ ಎರಡನೇ ಅಕ್ಷರದ ವಿವರವನ್ನು ಮುದ್ರಿಸಿ ನಮ್ಮ ಕಚೇರಿಯ ಬಾಗಿಲಿಗೆ ಅಂಟಿಸುತ್ತೇನೆ. ಅರ್ಜಿ ಪಡೆಯುವ ಕೌಂಟರ್‌ನಲ್ಲೇ ಆ ಅಕ್ಷರ ನೋಡಿ, ತಾತ್ಕಾಲಿಕ ವಿಳಾಸವಾಗಿದ್ದರೆ ಆಗಲೇ ವಾಪಸ್ ಕೊಟ್ಟು ಸರಿಪಡಿಸಿಕೊಂಡು ಬರಲು ಹೇಳಬಹುದು.

ಇದರ ಜೊತೆ, ಜಾಲದ ಹೆಸರುಗಳು ಮಹಡಿಗೊಂದರಂತೆ ಇದ್ದರೆ ಮಕ್ಕಳು ಪ್ರತಿಯೊಂದು ಹೆಸರಿಗೂ ಈ ಬದಲಾವಣೆ ಮಾಡಿಕೊಳ್ಳಬೇಕು. ಒಂದನೇ ಮಹಡಿಯಲ್ಲಿ ನಡೆಯುತ್ತದೆ, ಓದುವ ಕೋಣೆಯಲ್ಲಿ ನಡೆಯುವುದಿಲ್ಲ ಎಂಬ ದೂರಿಗೆ ಬಹುಪಾಲು ಇದೇ ಕಾರಣ.

ಕಾಡುಮಲ್ಲಿಗೆ

ನನಗೆ ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕಿದೆ. ಟ್ಯಾಬ್ ಸುಳ್ಳು ಸಂಖ್ಯೆ ಹೇಳುತ್ತಿದೆ, ತೊಂದರೆ ಕೊಡುತ್ತಿದೆ ಎಂಬ ಭಾವನೆ ಓದುಗರಲ್ಲಿ ಉಳಿಯಬಾರದು. ಈ ವ್ಯವಸ್ಥೆ ಬಂದದ್ದು ನಮ್ಮನ್ನು ಕಾಪಾಡಲು.

ಹಿಂದೆ ಫೋನ್, ಟ್ಯಾಬ್‌ಗಳು ಯಾವ ಜಾಲಕ್ಕೂ ಸೇರದೆ ಜೇಬಿನಲ್ಲಿದ್ದಾಗಲೂ ಹತ್ತಿರದಲ್ಲಿ ವೈ-ಫೈ ಇದೆಯೇ ಎಂದು ಕೂಗುತ್ತಲೇ ಇರುತ್ತಿದ್ದವು. ಪ್ರತಿ ಕೂಗಿನಲ್ಲೂ ಅಸಲಿ ಮ್ಯಾಕ್ ವಿಳಾಸ ಇರುತ್ತಿತ್ತು. ಕೇಳಿಸಿಕೊಳ್ಳುವ ಉಪಕರಣವನ್ನು ಅಲ್ಲಲ್ಲಿ ಇಟ್ಟರೆ ಯಾರು ಎಲ್ಲಿಂದ ಎಲ್ಲಿಗೆ ಹೋದರು, ಯಾವ ಅಂಗಡಿಯ ಮುಂದೆ ಎಷ್ಟು ಹೊತ್ತು ನಿಂತರು, ನಾಳೆ ಮತ್ತೆ ಬಂದರೇ ಎಂದು ದಾಖಲಿಸಬಹುದಿತ್ತು. ಇದು ಊಹೆಯ ಮಾತಲ್ಲ. ಲಂಡನ್ನಿನ ಹಳೆಯ ವಾಣಿಜ್ಯ ಕೇಂದ್ರವಾದ ಸಿಟಿ ಆಫ್ ಲಂಡನ್‌ನಲ್ಲಿ, 2012ರ ಒಲಿಂಪಿಕ್ಸ್‌ಗೆ ಮುನ್ನ ಜಾಹೀರಾತು ಪರದೆಗಳಿರುವ ಕಸದ ತೊಟ್ಟಿಗಳನ್ನು ರಸ್ತೆಬದಿ ಇಟ್ಟಿದ್ದರು. ಅವುಗಳಲ್ಲಿ ಕೆಲವು ದಾರಿಹೋಕರ ಫೋನ್‌ಗಳ ಮ್ಯಾಕ್ ವಿಳಾಸಗಳನ್ನು ದಾಖಲಿಸುತ್ತಿದ್ದ ಸಂಗತಿ 2013ರ ಆಗಸ್ಟ್‌ನಲ್ಲಿ ಹೊರಬಿತ್ತು. ಜನ ಸಿಟ್ಟಾದರು, ನಗರಾಡಳಿತ ಅದನ್ನು ನಿಲ್ಲಿಸಲು ಹೇಳಿತು. ಯಾರೂ ಒಪ್ಪಿಗೆ ಕೊಟ್ಟಿರಲಿಲ್ಲ, ಯಾರಿಗೂ ತಿಳಿದಿರಲೂ ಇಲ್ಲ.

2014ರಲ್ಲಿ ಆಪಲ್ ಐಒಎಸ್ 8ರಿಂದ ಹುಡುಕಾಟದ ಸಮಯದಲ್ಲಿ ಯಾದೃಚ್ಛಿಕ ವಿಳಾಸ ಬಳಸಲಾರಂಭಿಸಿತು. 2019ರ ಆಂಡ್ರಾಯ್ಡ್ 10ರಲ್ಲಿ ಜಾಲಕ್ಕೆ ಸೇರುವಾಗಲೂ ಅದೇ ರೂಢಿಯಾಯಿತು. 2020ರ ಐಪ್ಯಾಡ್‌ಒಎಸ್ 14 ಕೂಡ ಅದೇ ದಾರಿ ಹಿಡಿಯಿತು. ಆದ್ದರಿಂದ ನನ್ನ ಕಳಕಳಿಯ ವಿನಂತಿ: ಹಾಸ್ಟೆಲ್, ಮನೆ ಇಂಥ ನಂಬಿಕೆಯ ಒಂದೆರಡು ಜಾಲಗಳಿಗೆ ಮಾತ್ರ ಇದನ್ನು ನಿಲ್ಲಿಸಿ. ರೈಲು ನಿಲ್ದಾಣ, ಮಾಲ್, ಕಾಫಿ ಅಂಗಡಿಗಳಲ್ಲಿ ಮುಟ್ಟಬೇಡಿ.

ಮಳೆಬಿಲ್ಲು

ಕಾಡುಮಲ್ಲಿಗೆಯವರು ಹೇಳಿದ್ದು ಓದಿ ಒಂದು ಆತಂಕ ಬಂತು. ಮಗಳು ಆ ಪುಟದ ಫೋಟೊವನ್ನು ತರಗತಿಯ ವಾಟ್ಸ್ಆ್ಯಪ್ ಗುಂಪಿಗೂ ಹಾಕಿದ್ದಾಳೆ, ‘ಇದೇನಾ’ ಎಂದು ಕೇಳಲು. ಯಾರಾದರೂ ಆ ಸಂಖ್ಯೆ ಹಿಡಿದು ಟ್ಯಾಬ್‌ನೊಳಗೆ ನುಗ್ಗಲು ಸಾಧ್ಯವೇ?

ಕಾಡುಮಲ್ಲಿಗೆ

ಮ್ಯಾಕ್ ವಿಳಾಸ ಒಂದರಿಂದಲೇ ಯಾರೂ ಒಳಗೆ ಬರಲಾರರು. ಆ ಸಂಖ್ಯೆಯ ವ್ಯವಹಾರ ಟ್ಯಾಬ್ ಮತ್ತು ಹತ್ತಿರದ ರೂಟರ್ ನಡುವೆ ಮುಗಿಯುತ್ತದೆ. ನೀವು ತೆರೆಯುವ ಜಾಲತಾಣಗಳಿಗೆ ಅದು ತಲುಪುವುದಿಲ್ಲ. ಆ್ಯಪ್‌ಗಳು ಹಿಂದೆ ಅದನ್ನು ಓದಿಕೊಳ್ಳುತ್ತಿದ್ದವು. 2015ರ ಆಂಡ್ರಾಯ್ಡ್ 6ರಿಂದ ಸಾಮಾನ್ಯ ಆ್ಯಪ್ ಕೇಳಿದರೆ 02:00:00:00:00:00 ಎಂಬ ಹುಸಿ ಉತ್ತರ ಸಿಗುತ್ತದೆ. ಅಂದಹಾಗೆ ಅದರಲ್ಲೂ ಎರಡನೇ ಅಕ್ಷರ 2 ಇರುವುದನ್ನು ಗಮನಿಸಿ. ‘ಮ್ಯಾಕ್ ವಿಳಾಸ ತೋರಿಸುವ ಆ್ಯಪ್’ ಎಂದು ಹುಡುಕಿ ಹಾಕಿಕೊಂಡವರಿಗೆ ಈ ಸಂಖ್ಯೆಯೇ ಬಂದು, ಅದನ್ನೇ ಅರ್ಜಿಯಲ್ಲಿ ಬರೆದುಬಿಡುವ ಅಪಾಯವಿದೆ. ಸೆಟ್ಟಿಂಗ್ಸ್ ಬಿಟ್ಟು ಬೇರೆಡೆ ಹುಡುಕುವ ಅಗತ್ಯವೇ ಇಲ್ಲ.

ಆದರೆ ಫೋಟೊ ತೆಗೆಸಿಬಿಡಿ. ಅದೇ ಪುಟದಲ್ಲಿ ಐಎಂಇಐ ಮತ್ತು ಸೀರಿಯಲ್ ನಂಬರ್ ಕೂಡ ಇವೆ ಎಂದಿರಿ. ಅವನ್ನು ನೂರು ಜನರ ಗುಂಪಿನಲ್ಲಿ ಹಂಚುವುದು ಒಳ್ಳೆಯದಲ್ಲ. ಮುಂದೆ ಕಳುಹಿಸುವುದಿದ್ದರೆ ಬೇಕಾದ ಒಂದು ಸಾಲನ್ನಷ್ಟೇ ಕತ್ತರಿಸಿ ಕಳುಹಿಸಲಿ.

ದೂರದೇಶಿ

ಅಮೆರಿಕದಲ್ಲಿ ಓದುತ್ತಿರುವ ಕನ್ನಡದ ಮಕ್ಕಳಿಗೂ ಇದು ಬೇಕಾಗುತ್ತದೆಂದು ಬರೆಯುತ್ತಿದ್ದೇನೆ. ಇಲ್ಲಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಲ್ಯಾಪ್‌ಟಾಪ್, ಟ್ಯಾಬ್‌ಗಳು ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್‌ನಿಂದ ಒಳಹೋಗುತ್ತವೆ. ಟಿವಿ, ಗೇಮಿಂಗ್ ಪೆಟ್ಟಿಗೆ, ಪ್ರಿಂಟರ್ ಇಂಥವನ್ನು ಮಾತ್ರ ಮ್ಯಾಕ್ ವಿಳಾಸ ಕೊಟ್ಟು ನೋಂದಾಯಿಸಬೇಕು. ಅಮೆಜಾನ್‌ನ ಫೈರ್ ಟ್ಯಾಬ್ಲೆಟ್ ಇರುವವರು ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಆಪ್ಷನ್ಸ್’ ಒಳಗೆ ಫೈರ್ ಟ್ಯಾಬ್ಲೆಟ್ ಕುರಿತ ಪುಟ ತೆರೆದರೆ ಸಂಖ್ಯೆ ಸಿಗುತ್ತದೆ.

ವಿಂಡೋಸ್ ಟ್ಯಾಬ್‌ನಲ್ಲಿ ಇದರ ಹೆಸರು ‘ಫಿಸಿಕಲ್ ಅಡ್ರೆಸ್’. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈ-ಫೈ, ಹಾರ್ಡ್‌ವೇರ್ ಪ್ರಾಪರ್ಟೀಸ್. ವೈ-ಫೈ ಪುಟದಲ್ಲೇ ‘ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್’ ಎಂಬ ಗುಂಡಿಯೂ ಇರುತ್ತದೆ, ನೋಂದಾಯಿಸುವಾಗ ಅದು ಆನ್ ಇದ್ದರೆ ಆಫ್ ಮಾಡಿಕೊಳ್ಳಿ.

ಕಾವೇರಿಕಡಲು

ಶಿಯೋಮಿ ಟ್ಯಾಬ್‌ನವರಿಗೆ: ‘ಅಬೌಟ್ ಟ್ಯಾಬ್ಲೆಟ್’ ಒಳಗೆ ‘ಆಲ್ ಸ್ಪೆಕ್ಸ್’, ಅದರೊಳಗೆ ‘ಸ್ಟೇಟಸ್’. ಯಾವ ಕಂಪನಿಯದಾದರೂ ದಾರಿ ತಪ್ಪಿದರೆ ಸೆಟ್ಟಿಂಗ್ಸ್‌ನ ಮೇಲ್ತುದಿಯ ಹುಡುಕುಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಮ್ಯಾಕ್ ಎಂದು ಟೈಪ್ ಮಾಡಿ, ಸೀದಾ ಆ ಪುಟಕ್ಕೆ ಹೋಗುತ್ತದೆ.

ಹಾಲಕ್ಕಿ

ಐಪ್ಯಾಡ್‌ನ ಭಾಗ ಪೂರ್ತಿ ಮಾಡುತ್ತೇನೆ, ಮಳೆಬಿಲ್ಲು ಅವರ ಮಗನಿಗೆ ಬೇಕಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವೈ-ಫೈ ತೆರೆದು ಜಾಲದ ಹೆಸರಿನ ಪಕ್ಕ ವೃತ್ತದೊಳಗಿನ ಸಣ್ಣ ‘ಐ’ ಒತ್ತಿ. ‘ಪ್ರೈವೇಟ್ ವೈ-ಫೈ ಅಡ್ರೆಸ್’ ಎಂಬ ಸಾಲು ಬರುತ್ತದೆ. ಹಳೆಯ ಆವೃತ್ತಿಗಳಲ್ಲಿ ಅದು ಆನ್ ಅಥವಾ ಆಫ್ ಮಾಡುವ ಗುಂಡಿ. 2024ರ ಐಪ್ಯಾಡ್‌ಒಎಸ್ 18ರಿಂದ ಅಲ್ಲಿ ‘ಆಫ್’, ‘ಫಿಕ್ಸ್‌ಡ್’, ‘ರೊಟೇಟಿಂಗ್’ ಎಂಬ ಮೂರು ಆಯ್ಕೆಗಳಿವೆ.

ಈ ಮೂರನೆಯದೇ ಹಾಸ್ಟೆಲ್ ಮಕ್ಕಳನ್ನು ಹೆಚ್ಚು ಕಾಡುವುದು. ಗಟ್ಟಿ ಪಾಸ್‌ವರ್ಡ್ ಭದ್ರತೆಯಿರುವ ಜಾಲಕ್ಕೆ ಐಪ್ಯಾಡ್ ತಾನಾಗಿ ‘ಫಿಕ್ಸ್‌ಡ್’ ಆರಿಸಿಕೊಳ್ಳುತ್ತದೆ. ಅಂದರೆ ಆ ಜಾಲಕ್ಕೆಂದೇ ಒಂದು ಖಾಸಗಿ ವಿಳಾಸ, ಅದು ಬದಲಾಗುವುದಿಲ್ಲ. ಭದ್ರತೆ ದುರ್ಬಲವಾಗಿರುವ ಅಥವಾ ಪಾಸ್‌ವರ್ಡ್ ಇಲ್ಲದೆ ತೆರೆದಿರುವ ಜಾಲಕ್ಕೆ ‘ರೊಟೇಟಿಂಗ್’ ಆರಿಸಿಕೊಳ್ಳುತ್ತದೆ, ಸುಮಾರು ಎರಡು ವಾರಕ್ಕೊಮ್ಮೆ ವಿಳಾಸ ಬದಲಾಗುತ್ತದೆ. ಎಷ್ಟೋ ಹಾಸ್ಟೆಲ್‌ಗಳ ಜಾಲ ಹೊರಗಿನಿಂದ ತೆರೆದೇ ಇದ್ದು, ಒಳಗೆ ಹೋದ ಮೇಲೆ ಲಾಗಿನ್ ಪುಟ ಬರುತ್ತದೆ. ಅಲ್ಲಿ ಖಾಸಗಿ ವಿಳಾಸವನ್ನೇ ನೋಂದಾಯಿಸಿದವರಿಗೆ ಮೊದಲು ಎಲ್ಲ ಸರಿಯಾಗಿ ನಡೆದು, ಎರಡು ವಾರದ ನಂತರ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಏನೂ ಬದಲಿಸಿಲ್ಲವಲ್ಲ ಎಂದು ಮಕ್ಕಳು ಗಾಬರಿಯಾಗುತ್ತಾರೆ.

ಹಾಗಾಗಿ ಮೊದಲು ಆ ಜಾಲಕ್ಕೆ ‘ಆಫ್’ ಆರಿಸಿ, ಮತ್ತೆ ಸೇರಿ, ಆಮೇಲೆ ಸಂಖ್ಯೆ ಬರೆದುಕೊಳ್ಳಿ. ತಂತಿಮನೆಯವರ ಎರಡನೇ ಅಕ್ಷರದ ಪರೀಕ್ಷೆಯನ್ನೂ ಮಾಡಿಬಿಡಿ. ‘ಆಫ್’ ಮಾಡಿದಾಗ ಐಪ್ಯಾಡ್ ಖಾಸಗಿತನದ ಬಗ್ಗೆ ಒಂದು ಎಚ್ಚರಿಕೆ ತೋರಿಸಬಹುದು, ಅದಕ್ಕೆ ಹೆದರಬೇಕಾಗಿಲ್ಲ.

ಬಯಲುಸೀಮೆ

ನಮ್ಮಲ್ಲಿ ಸರಿಹೋಯಿತು. ಪ್ರೈವೆಸಿ ಸಾಲಿನಲ್ಲಿ ಬದಲಿಸಿದ ಕೂಡಲೇ ರೂಟರ್ ಪಟ್ಟಿಯಲ್ಲಿ ಅಸಲಿ ಸಂಖ್ಯೆ ಬಂತು. ಫ್ಯಾಮಿಲಿ ಲಿಂಕ್ ಬಗ್ಗೆ ಅವನ ತಂದೆಗೂ ಹೇಳಿದ್ದೇನೆ. ಬಹಳ ಧನ್ಯವಾದ.

ದೂರದೇಶಿ

ಒಂದು ಪ್ರಶ್ನೆ ಉಳಿದಿದೆ. ಕಾಲೇಜುಗಳು ಇನ್ನೂ ಮ್ಯಾಕ್ ವಿಳಾಸವನ್ನೇ ನೆಚ್ಚಿಕೊಂಡಿರುವುದು ಏಕೆ? ಅದು ಭದ್ರತೆಯೇ ಅಲ್ಲವಲ್ಲ.

ಕೀಲಿಕೈ

ನೂರಾರು ಮಕ್ಕಳಿರುವ ಕಡೆ ಒಬ್ಬೊಬ್ಬರಿಗೆ ಇಂತಿಷ್ಟು ಸಾಧನ ಎಂಬ ಮಿತಿ ಬೇಕು. ಯಾವುದಾದರೂ ಸಾಧನ ವೈರಸ್ ಹಿಡಿದು ಜಾಲವನ್ನೆಲ್ಲ ಉಸಿರುಗಟ್ಟಿಸಿದರೆ ಅದು ಯಾರದೆಂದು ಬೇಗ ತಿಳಿಯಬೇಕು. ಮ್ಯಾಕ್ ಪಟ್ಟಿಯಿಂದ ಅದು ಅಗ್ಗದಲ್ಲಿ ಆಗುತ್ತದೆ. ಹೊಸ ವ್ಯವಸ್ಥೆಗೆ ಸರ್ವರ್ ಬೇಕು, ತಿಳಿದವರು ಬೇಕು. ಇರುವ ಹಣದಲ್ಲಿ, ಇರುವ ಇಬ್ಬರು ಸಿಬ್ಬಂದಿಯಲ್ಲಿ ನಾವು ಮಾಡುತ್ತಿರುವುದು ಇದು.

ತಂತಿಮನೆ

ಕೀಲಿಕೈ ಅವರ ಕಷ್ಟ ಗೊತ್ತು, ಲೆಕ್ಕ ಇಡಲು ಈ ಪಟ್ಟಿ ಸಾಕು ಎಂಬುದನ್ನೂ ಒಪ್ಪುತ್ತೇನೆ. ಬೀಗವಾಗಿ ಇದನ್ನು ನಂಬುವುದನ್ನು ಮಾತ್ರ ಒಪ್ಪಲಾರೆ. ವೈ-ಫೈ ಸಂದೇಶದ ಒಡಲು ಡಬ್ಲ್ಯುಪಿಎ2 ಭದ್ರತೆಯಲ್ಲಿ ಗೂಢಲಿಪಿಯಾಗಿದ್ದರೂ ಅದರ ತಲೆಭಾಗದಲ್ಲಿ ಮ್ಯಾಕ್ ವಿಳಾಸ ಬಯಲಾಗಿಯೇ ಹೋಗುತ್ತದೆ. ಪಕ್ಕದ ಕೋಣೆಯವರು ಅದನ್ನು ಹಿಡಿದು ತಮ್ಮ ಲ್ಯಾಪ್‌ಟಾಪ್‌ಗೆ ಅದೇ ವಿಳಾಸ ಕೊಟ್ಟುಕೊಳ್ಳಬಹುದು. ಆಗ ಅವರು ಮಾಡಿದ್ದೆಲ್ಲ ನಿಮ್ಮ ಮಗಳ ಹೆಸರಿನಲ್ಲಿ ದಾಖಲಾಗುತ್ತದೆ. ಒಬ್ಬ ವಿದ್ಯಾರ್ಥಿಯ ಮೇಲೆ ಕ್ರಮ ಕೈಗೊಳ್ಳುವ ಮುನ್ನ ಯಾವ ಕಾಲೇಜೂ ಈ ಪಟ್ಟಿಯೊಂದನ್ನೇ ಸಾಕ್ಷ್ಯವಾಗಿ ಹಿಡಿಯಬಾರದು. ಇದನ್ನು ನಾನು ಬಲವಾಗಿ ನಂಬುತ್ತೇನೆ.

ವಿದ್ಯಾರ್ಥಿಗೊಂದು ಹೆಸರು, ಪಾಸ್‌ವರ್ಡ್ ಕೊಟ್ಟು ಒಳಬಿಡುವ 802.1ಎಕ್ಸ್ ಕ್ರಮ ಹೊಸದೇನಲ್ಲ. ಜಗತ್ತಿನ ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಎಡುರೋಮ್ ಅದರ ಮೇಲೆಯೇ ನಿಂತಿದೆ. ಭಾರತದಲ್ಲಿ ಅದನ್ನು ನಡೆಸುವ ಹೊಣೆ ಕೇಂದ್ರ ಸರ್ಕಾರದ ಶಿಕ್ಷಣ, ಸಂಶೋಧನಾ ಜಾಲದ ಸಂಸ್ಥೆಯಾದ ಅರ್ನೆಟ್ ಇಂಡಿಯಾದ್ದು. ಒಂದು ಕಾಲೇಜಿನ ಖಾತೆಯಿಂದ ಇನ್ನೊಂದು ಊರಿನ, ಇನ್ನೊಂದು ದೇಶದ ಕ್ಯಾಂಪಸ್‌ನಲ್ಲೂ ಜಾಲಕ್ಕೆ ಸೇರಬಹುದು. ಅಲ್ಲಿ ಟ್ಯಾಬ್ ಯಾವ ಮ್ಯಾಕ್ ವಿಳಾಸ ತೋರಿಸಿದರೂ ಅಡ್ಡಿಯಿಲ್ಲ. ಖಾಸಗಿ ವಿಳಾಸವನ್ನು ನಿಲ್ಲಿಸಿ ಎಂದು ಮಕ್ಕಳಿಗೆ ಹೇಳುವ ಪ್ರಮೇಯವೇ ಬರುವುದಿಲ್ಲ.

ಕೀಲಿಕೈ

ಸಾಕ್ಷ್ಯದ ಮಾತು ಒಪ್ಪಿದೆ. ನಮ್ಮಲ್ಲಿ ಪಟ್ಟಿಯಲ್ಲಿ ಹೆಸರು ಬಂದರೆ ಮೊದಲು ವಿದ್ಯಾರ್ಥಿಯನ್ನು ಕರೆದು ಸಾಧನ ನೋಡುತ್ತೇವೆ, ಬರೆದು ಕಳುಹಿಸುವುದು ಆಮೇಲೆ. ಎಡುರೋಮ್ ಬಗ್ಗೆ ಪ್ರಾಂಶುಪಾಲರಿಗೆ ಪ್ರಸ್ತಾವ ಕೊಡುತ್ತೇನೆ. ಸರ್ವರ್ ಕಡೆಯ ಸಿದ್ಧತೆಯ ಬಗ್ಗೆ ನಿಮ್ಮನ್ನು ಬೇರೆಯಾಗಿ ಕೇಳಬಹುದೇ?

ತಂತಿಮನೆ

ಖಂಡಿತ ಕೇಳಿ.

ಮಳೆಬಿಲ್ಲು

ಟ್ಯಾಬ್‌ಗೆ ಸಂಪರ್ಕ ಬಂದಿದೆ! ‘ವ್ಯೂ ಮೋರ್’ ಒಳಗೇ ಇತ್ತು. ಮಗಳು ಅದೇ ಮಹಡಿಯ ಇನ್ನೂ ಕೆಲವರಿಗೆ ಸರಿಮಾಡಿಕೊಟ್ಟಳಂತೆ. ಗ್ರಂಥಾಲಯದ ಜಾಲಕ್ಕೆ ಬೇರೆ ಹೆಸರಿದೆ, ಅಲ್ಲಿಯೂ ಬದಲಿಸಲು ಹೇಳಿದ್ದೇನೆ. ಫೋಟೊವನ್ನೂ ಗುಂಪಿನಿಂದ ತೆಗೆದಿದ್ದಾಳೆ.

ಕೊನೆಯದಾಗಿ ಒಂದೇ ಸಂದೇಹ. ಟ್ಯಾಬ್ ಕೆಟ್ಟು ರಿಪೇರಿಗೆ ಕೊಟ್ಟರೆ, ಅಥವಾ ಫ್ಯಾಕ್ಟರಿ ರೀಸೆಟ್ ಮಾಡಿದರೆ ಈ ಸಂಖ್ಯೆ ಬದಲಾಗುತ್ತದೆಯೇ?

ತಂತಿಮನೆ

ರೀಸೆಟ್ ಮಾಡಿದರೆ ಅಸಲಿ ವಿಳಾಸ ಬದಲಾಗುವುದಿಲ್ಲ. ಆದರೆ ನೀವು ಮಾಡಿದ ‘ಫೋನ್ ಮ್ಯಾಕ್’ ಆಯ್ಕೆ ಅಳಿಸಿಹೋಗಿ ಟ್ಯಾಬ್ ಮತ್ತೆ ತಾತ್ಕಾಲಿಕ ವಿಳಾಸಕ್ಕೆ ಮರಳುತ್ತದೆ, ಆಗ ಇದೇ ಬದಲಾವಣೆ ಇನ್ನೊಮ್ಮೆ ಮಾಡಬೇಕು. ಮದರ್‌ಬೋರ್ಡ್ ಬದಲಾದರೆ ವೈ-ಫೈ ಚಿಪ್ ಕೂಡ ಹೊಸದು, ಸಂಖ್ಯೆಯೂ ಹೊಸದು. ಪರದೆ, ಬ್ಯಾಟರಿ ಬದಲಿಸಿದರೆ ಏನೂ ಆಗುವುದಿಲ್ಲ. ಯುಎಸ್‌ಬಿ ಮೂಲಕ ಕೇಬಲ್ ಇಂಟರ್ನೆಟ್ ಕೊಡುವ ಅಡಾಪ್ಟರ್ ಬಳಸಿದರೆ ಅದಕ್ಕೆ ತನ್ನದೇ ಬೇರೆ ಮ್ಯಾಕ್ ವಿಳಾಸವಿರುತ್ತದೆ, ಅದನ್ನು ಪ್ರತ್ಯೇಕವಾಗಿ ನೋಂದಾಯಿಸಬೇಕು.

ಮುಂದೆ ಟ್ಯಾಬ್ ಮಾರುವುದಾದರೆ ಅಥವಾ ಕಳೆದುಹೋದರೆ ಹಾಸ್ಟೆಲ್ ಕಚೇರಿಗೆ ಒಂದು ಸಾಲು ಬರೆದು ಪಟ್ಟಿಯಿಂದ ಆ ಸಂಖ್ಯೆಯನ್ನು ತೆಗೆಸಿ. ತೆಗೆಸದಿದ್ದರೆ ಬೇರೆಯವರ ಕೈಯಲ್ಲಿರುವ ಸಾಧನ ನಿಮ್ಮ ಮಗಳ ಹೆಸರಿನಲ್ಲೇ ಜಾಲದೊಳಗೆ ಇರುತ್ತದೆ.